ಕಂಡಕ್ಟರ್ ಮನೆ

ಮನೆ ಬಾಡಿಗೆಗೆ ಕೊಡುವ ವಿದ್ಯೆಯಲ್ಲಿ ನನಗಿಂತ ಜಾಣ ಅಫಜಲಪುರದಲ್ಲಿ ಇನ್ನೊಬ್ಬನಿಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ನಂಬುವುದಕ್ಕೆ ಕಾರಣವೂ ಇತ್ತು. ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರನಾಗಿ ನಿವೃತ್ತನಾದ ಮೇಲೆ ಕೈಗೆ ಬಂದದ್ದನ್ನೆಲ್ಲ ಸುರಿದು ಒಂದು ಮನೆ ಕಟ್ಟಿಸಿದೆ. ಮನೆ ಒಂದೇ, ಭಾಗ ಎರಡು. ರಸ್ತೆಗೆ ಮುಖ ಮಾಡಿದ ಮುಂಭಾಗವನ್ನು ಬಾಡಿಗೆಗೆ ಬಿಟ್ಟು, ಬೇವಿನ ಮರದ ನೆರಳಿರುವ ಹಿಂಭಾಗದಲ್ಲಿ ನಾನೂ ನನ್ನ ಬೇಗಂ ಹಸೀನಾಳೂ ಉಳಿದೆವು. ಮುಂಭಾಗಕ್ಕೆ ಬಾಡಿಗೆ ಹೆಚ್ಚು ಬರುತ್ತದೆ, ಹಿಂಭಾಗಕ್ಕೆ ಗಾಳಿ ಹೆಚ್ಚು ಬರುತ್ತದೆ. ಬಾಡಿಗೆ ಕೊಡುವವನು ಬಾಡಿಗೆದಾರ, ಗಾಳಿ ಕೊಡುವವನು ಅಲ್ಲಾ. ಎರಡೂ ನನಗೇ! ಇಂಥ ಏರ್ಪಾಡು ಯಾರಿಗೆ ಹೊಳೆದೀತು?

ಗೇಟಿನ ಪಕ್ಕದ ಗೋಡೆಗೆ ಬಿಳಿ ಕಲ್ಲಿನ ಫಲಕ ಹಾಕಿಸಿದ್ದೆ. ಅದರ ಮೇಲೆ ‘ಗಫೂರ್ ಮಂಜಿಲ್’ ಎಂದು ಕೆತ್ತಿಸಿದ್ದೆ. ಗಫೂರ್ ಎಂದರೆ ನಾನು. ಮಂಜಿಲ್ ಎಂದರೆ ಮಹಡಿ ಮನೆ. ಮಹಡಿ ಇನ್ನೂ ಕಟ್ಟಿಲ್ಲ, ಆ ಮಾತು ಬೇರೆ. ಮನುಷ್ಯ ಮನೆ ಕಟ್ಟಿಸುವುದು ಬಿಸಿಲು ಮಳೆಯಿಂದ ತಪ್ಪಿಸಿಕೊಳ್ಳಲು ಎಂದು ಪಾಠದ ಪುಸ್ತಕದಲ್ಲಿ ನಾನೇ ಹುಡುಗರಿಗೆ ಹೇಳಿಕೊಟ್ಟಿದ್ದೇನೆ. ಅದು ಶುದ್ಧ ಸುಳ್ಳು. ಮನೆ ಕಟ್ಟಿಸುವುದು, ದಾರಿಯಲ್ಲಿ ಹೋಗುವವರು ಬೆರಳು ತೋರಿಸಿ “ಅದು ನೋಡ್ರಿ, ಗಫೂರ್ ಮಾಸ್ತರ್ ಮನಿ” ಎನ್ನಲಿ ಎಂದು. ನನಗಂತೂ ಅದೊಂದೇ ಆಸೆ ಇತ್ತು. ಆ ಆಸೆಯೇ ನನ್ನನ್ನು ಈ ಗತಿಗೆ ತಂದಿತು.

ಮುಂಭಾಗಕ್ಕೆ ಬಾಡಿಗೆಗೆ ಬಂದವರು ಸರ್ಕಾರಿ ಬಸ್ಸಿನ ಕಂಡಕ್ಟರ್ ಮಲ್ಲಪ್ಪ ಮತ್ತು ಅವರ ಹೆಂಡತಿ ಗುರುಬಾಯಿ. ಅಂಥ ಬಾಡಿಗೆದಾರರು ಹುಡುಕಿದರೂ ಸಿಗಲಾರರು. ಬಾಡಿಗೆ ಕೇಳುವ ಮೊದಲೇ ಕೊಡುವರು. ನಲ್ಲಿಗೆ ನೀರು ಬಂದ ದಿನ ಗುರುಬಾಯಿ ಮೊದಲು ನಮ್ಮ ಟಾಕಿ ತುಂಬಿಸಿ, ಆಮೇಲೆ ತನ್ನ ಕೊಡಗಳನ್ನು ಹಿಡಿಯುವಳು. ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಮಲ್ಲಪ್ಪ ಹಿಂದಿನ ಬಾಗಿಲಿಗೆ ಬಂದು, “ಮಾಸ್ತರ್ರ, ಒಂದು ಮೊಳಿ ಬಡೀಲೇನ್ರಿ?” ಎಂದು ಅಪ್ಪಣೆ ಕೇಳುವರು. ಜಗಳ ತೆಗೆಯಲು ಒಂದು ಎಳೆಯೂ ಸಿಗದಂಥ ಬಾಡಿಗೆದಾರ! ಮನೆ ಮಾಲೀಕನಿಗೆ ಇದಕ್ಕಿಂತ ದೊಡ್ಡ ಹಿಂಸೆ ಇಲ್ಲ.

ಮಲ್ಲಪ್ಪನವರಲ್ಲಿ ಒಂದೇ ಒಂದು ದೋಷವಿತ್ತು. ಅವರು ಪ್ರಸಿದ್ಧರಾಗಿದ್ದರು.

ನಮ್ಮ ಕಡೆ ಬಸ್ಸಿನ ಕಂಡಕ್ಟರ್ ಎಂದರೆ ಬರೀ ಟಿಕೀಟು ಹರಿಯುವವನಲ್ಲ. ಆಳಂದದಲ್ಲಿ ಓದುವ ಮಗನಿಗೆ ಬುತ್ತಿ, ಹಳ್ಳಿಯಲ್ಲಿರುವ ಅವ್ವನಿಗೆ ಗುಳಿಗೆ, ಬೀಗರಿಗೆ ಮದುವೆ ಕಾರ್ಡು, ಬಾಣಂತಿಗೆ ಅಂಟಿನುಂಡೆ, ಎಲ್ಲವೂ ಹೋಗುವುದು ಬಸ್ಸಿನ ಕೈಲಿ. ಮಾತೂ ಹಾಗೆಯೇ ಹೋಗುತ್ತದೆ. “ಅಮಾವಾಸಿಗೆ ಬಾ ಅಂತ ನಮ್ಮ ತಂಗೀಗೆ ಹೇಳ್ರಿ” ಎಂದು ಕಂಡಕ್ಟರ್ ಕಿವಿಗೆ ಹಾಕಿದರೆ ಸಾಕು, ಆ ತಂಗಿ ಅಮಾವಾಸ್ಯೆಗೆ ಬಂದೇ ಬರುತ್ತಾಳೆ. ಈಗ ಎಲ್ಲರ ಕೈಯಲ್ಲೂ ಫೋನಿದೆ, ಆದರೆ ಫೋನಿನಲ್ಲಿ ಬುತ್ತಿ ಹೋಗುವುದಿಲ್ಲ. ಬುತ್ತಿಯ ಜೊತೆ ಮಾತು ಪುಕ್ಕಟೆ! ಮಲ್ಲಪ್ಪನವರದು ಆಳಂದದ ಬಸ್ಸು. ಮುಂಜಾನೆ ಅವರ ಕಟ್ಟೆಯ ಮೇಲೆ ಗಂಟು, ಡಬ್ಬಿ, ಚೀಲಗಳ ಸಂತೆಯೇ ನೆರೆಯುತ್ತಿತ್ತು. ಆ ಕಟ್ಟೆ ನನ್ನದು ಎಂಬುದು ಯಾರಿಗೂ ನೆನಪಿರುತ್ತಿರಲಿಲ್ಲ.

ಹೀಗಾಗಿ ನನ್ನ ಮನೆಗೆ ಊರವರು ಇಟ್ಟ ಹೆಸರು ‘ಕಂಡಕ್ಟರ್ ಮನೆ’.

ಸಿಲಿಂಡರ್ ತರುವವನು ಫೋನು ಮಾಡಿ, “ಕಂಡಕ್ಟರ್ ಮನಿ ಹಿಂದ ಇರೋ ಅಜ್ಜಾರೇನ್ರಿ?” ಎಂದು ಕೇಳಿದ. ನಾನು ನನ್ನ ಮನೆಯ ಹಿಂದೆ ಇರುವ ಅಜ್ಜ! ತಡೆದುಕೊಂಡೆ. ಮದುವೆ ಕಾರ್ಡೊಂದು ಬಂತು, ಮೇಲೆ ‘ಗಫೂರ್ ಮಾಸ್ತರ್, ಕಂಡಕ್ಟರ್ ಮನೆ’ ಎಂದು ಬರೆದಿತ್ತು. ಬರೆದವನು ನನ್ನ ಶಿಷ್ಯನೇ, ಅಕ್ಷರಗಳು ಮುತ್ತಿನಂತಿದ್ದವು. ಅದನ್ನೂ ತಡೆದುಕೊಂಡೆ.

ತಡೆಯಲಾಗದ್ದು ನಡೆದದ್ದು ನಾನು ಜೇವರ್ಗಿಯಿಂದ ಒಂದು ಮದುವೆ ಮುಗಿಸಿಕೊಂಡು ಬಂದ ದಿನ. ಮಟಮಟ ಮಧ್ಯಾಹ್ನ, ಮೊಳಕಾಲು ನೋವು, ಕೈಯಲ್ಲಿ ಚೀಲ. ಬಸ್‌ ಸ್ಟ್ಯಾಂಡಿನಲ್ಲಿ ಆಟೋ ಹತ್ತಿ ಗಂಭೀರವಾಗಿ “ಗಫೂರ್ ಮಂಜಿಲ್” ಎಂದೆ.

“ಹಂಗಂದ್ರ ಯಾವ ಊರ್ರಿ?” ಎಂದ ಆಟೋದವನು.

“ಇದೇ ಊರು! ಗಫೂರ್ ಮಾಸ್ತರ್ ಮನೆ!”

“ನಾ ಹುಟ್ಟಿದಾಗಿಂದ ಇದ ಊರಾಗ ಅದೇನ್ರಿ. ಅಂಥಾ ಮನಿ ಇಲ್ಲ.”

ಬಿಸಿಲಿನಲ್ಲಿ ಊರೆಲ್ಲ ಸುತ್ತಿದೆವು. ಕಡೆಗೆ ಮೊಳಕಾಲು ನನ್ನ ಮಾನವನ್ನು ಸೋಲಿಸಿತು. ನನ್ನ ಬಾಯಿಂದಲೇ, ನನ್ನ ಕಿವಿ ಕೇಳುವಂತೆಯೇ, ನಾನು ಅಂದೆ: “ಕಂಡಕ್ಟರ್ ಮನಿ...”

“ಅಯ್ಯ, ಮೊದಲ ಹೇಳಬಾರದೇನ್ರಿ!” ಎಂದು ಅವನು ಕ್ಷಣದಲ್ಲಿ ನನ್ನ ಗೇಟಿನ ಮುಂದೆ ಇಳಿಸಿದ. ಆ ಗೇಟಿನ ಪಕ್ಕದಲ್ಲಿ ಬಿಳಿ ಫಲಕವಿತ್ತು. ಫಲಕ ಕಾಣುತ್ತಿರಲಿಲ್ಲ. ಯಾರೋ ಅದರ ಮೊಳೆಗೆ ಆಳಂದಕ್ಕೆ ಹೋಗುವ ಬುತ್ತಿ ಚೀಲ ತೂಗುಹಾಕಿದ್ದರು.

ಮರುದಿನವೇ ಪೇಂಟರನ್ನು ಕರೆಸಿ, ಬಸ್ಸಿನಷ್ಟು ದೊಡ್ಡ ಅಕ್ಷರಗಳಲ್ಲಿ, ನೀಲಿ ಬಣ್ಣದಲ್ಲಿ, ಕಂಪೌಂಡ್ ಗೋಡೆಯ ತುಂಬ ‘ಗಫೂರ್ ಮಂಜಿಲ್’ ಬರೆಸಿದೆ. ಪರಿಣಾಮ ಕೂಡಲೇ ಕಂಡಿತು. ಊರಿನಲ್ಲಿ ಆಗಲೇ ಇನ್ನೊಬ್ಬ ಕಂಡಕ್ಟರ್ ಇದ್ದುದರಿಂದ ಜನಕ್ಕೆ ಗೊಂದಲವಾಗುತ್ತಿತ್ತಂತೆ. ಈಗ ಅದು ತೀರಿತು. “ನೀಲಿ ಗ್ವಾಡಿ ಕಂಡಕ್ಟರ್ ಮನಿ” ಎನ್ನತೊಡಗಿದರು!

ಆಗ ನಾನು ನಿರ್ಧರಿಸಿದೆ. ಮಲ್ಲಪ್ಪನವರನ್ನು ಬಿಡಿಸಬೇಕು.

ನಮ್ಮ ಕಡೆ ಬಾಡಿಗೆದಾರನಿಗೆ “ಮನೆ ಬಿಡಿ” ಎಂದು ಯಾರೂ ಮುಖಕ್ಕೆ ಹೇಳುವುದಿಲ್ಲ. ಅದು ಒರಟುತನ. ಅದಕ್ಕೊಂದು ರಿವಾಜು ಇದೆ. ಮಾಲೀಕ ಹೋಗಿ ಕೂತು, ಚಹಾ ಕುಡಿದು, ಮಳೆ ತೊಗರಿ ಎಲ್ಲ ವಿಚಾರಿಸಿ, ಏಳುವ ಹೊತ್ತಿಗೆ “ನಮ್ಮ ಮಂದಿ ಇಲ್ಲಿಗೇ ಇರಾಕ ಬರ್ತೇವಂತ ಗಂಟು ಬಿದ್ದಾರ್ರಿ, ಏನ್ ಮಾಡೂದು” ಎಂದು ನಿಟ್ಟುಸಿರು ಬಿಡಬೇಕು. ಬರುವವರು ಯಾರೂ ಇರುವುದಿಲ್ಲ. ಅದು ಬಾಡಿಗೆದಾರನಿಗೂ ಗೊತ್ತು. ಅವನೂ ನಿಟ್ಟುಸಿರು ಬಿಟ್ಟು ಬೇರೆ ಮನೆ ನೋಡುತ್ತಾನೆ. ಯಾರ ಮರ್ಯಾದೆಯೂ ಹೋಗುವುದಿಲ್ಲ. ಎಂಥ ಸುಸಂಸ್ಕೃತ ಸುಳ್ಳು!

ನಾನು ಮಲ್ಲಪ್ಪನವರ ಕಟ್ಟೆಗೆ ಹೋದೆ. ಗುರುಬಾಯಿ ಚುರುಮುರಿ ನೆನೆಸಿ ಒಗ್ಗರಿಸಿದ ಸುಸಲಾ ಕೊಟ್ಟಳು, ಮೇಲೆ ಚಹಾ ಕೊಟ್ಟಳು. ಎರಡನ್ನೂ ಮುಗಿಸಿ ನಿಟ್ಟುಸಿರು ಬಿಟ್ಟೆ.

“ನಮ್ಮ ಬೇಗಂ ತಮ್ಮ ಚಾಂದ್‌ಪಾಶಾ ಅಂತ, ಮಟಕಿ ಊರಾಗ ಅದಾನ್ರಿ. ಅಂವ ಇಲ್ಲಿಗೇ ಬಂದು ಇರ್ತೇನಿ ಅಂತ ಹಟ ಹಿಡದಾನ. ಮನಿಯವರ ತಮ್ಮ. ಬ್ಯಾಡ ಅನ್ನಾಕ ಆಗೂದಿಲ್ಲ ನೋಡ್ರಿ.”

ಮಲ್ಲಪ್ಪ ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ನಕ್ಕರು. “ಅದಕ್ಕೇನಾತ್ರಿ ಮಾಸ್ತರ್ರ. ಮನಿ ನಿಮ್ಮದು, ಮಂದಿ ನಿಮ್ಮದು. ನಾ ಬ್ಯಾರೆ ಮನಿ ನೋಡ್ತೇನಿ. ನೀವ್ ಒಂಚೂರೂ ಮನಸಿಗಿ ಹಚ್ಕೋಬ್ಯಾಡ್ರಿ.”

ಇಷ್ಟು ಸುಲಭವೇ! ನಾನು ಹಗುರವಾಗಿ ಹಿಂಭಾಗಕ್ಕೆ ಬಂದು ಬೇಗಂಗೆ ಹೇಳಿದೆ.

ಇಲ್ಲೊಂದು ಮಾತು ಹೇಳಬೇಕು. ಮನೆಯೊಳಗೆ ನಮ್ಮದು ಉರ್ದು. ಆದರೆ ನನ್ನನ್ನು ಬೈಯಬೇಕಾದಾಗ ಬೇಗಂ ಕನ್ನಡಕ್ಕೆ ಇಳಿಯುತ್ತಾಳೆ. ಅಕ್ಕಪಕ್ಕದವರಿಗೂ ತಿಳಿಯಲಿ ಎಂದು.

“ಅಜೀ, ನಿಮಗ ಬುದ್ಧಿ ಐತೇನ್ರಿ?” ಎಂದು ಕನ್ನಡದಲ್ಲಿ ಶುರುಮಾಡಿದಳು. “ಗುರುಬಾಯಿ ನನಗ ತಂಗಿ ಇದ್ಹಂಗ ಅದಾಳ. ನನಗ ಜ್ವರ ಬಂದಾಗ ಗಂಜಿ ಕಾಸಿ ಕೊಟ್ಟಾಕಿ ಯಾರು? ನೀವೇನು? ಒಂದು ಬೋರ್ಡಿನ ಸಲುವಾಗಿ ಅಂಥಾ ಮಂದೀನ ಹೊರಗ ಹಾಕ್ತೀರಿ?”

“ಬೋರ್ಡಿನ ಪ್ರಶ್ನೆ ಅಲ್ಲ ಬೇಗಂ, ಅಸ್ತಿತ್ವದ ಪ್ರಶ್ನೆ” ಎಂದೆ.

“ಅದಕ್ಕ ನನ್ನ ತಮ್ಮನ ಹೆಸರು ಯಾಕ ತಗೊಂಡ್ರಿ?”

“ಬಾಯಿಗೆ ಬಂತು. ಅವನು ಮಟಕಿಯಲ್ಲಿದ್ದಾನೆ. ಅವನಿಗೆ ಹೇಗೆ ಗೊತ್ತಾದೀತು?”

ಓದುಗ ಮಹಾಶಯರೇ, ಊರಿನ ಸುದ್ದಿಯನ್ನೆಲ್ಲ ಊರೂರಿಗೆ ಮುಟ್ಟಿಸುವ ಮನುಷ್ಯನ ಮುಂದೆ ಕೂತು, ಆಳಂದ ತಾಲೂಕಿನ ಸಂಬಂಧಿಕನ ಹೆಸರು ಹೇಳಿ ಸುಳ್ಳಾಡಿದ ಮಾಲೀಕ ನಮ್ಮ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಜೇವರ್ಗಿಯ ಸಂಬಂಧಿಕನ ಹೆಸರು ಹೇಳಬಹುದಿತ್ತು. ಯಡ್ರಾಮಿಯಲ್ಲಿ ಚಿಕ್ಕಪ್ಪನ ಮಗನೇ ಇದ್ದ. ಆಳಂದ ಬಸ್ಸಿನ ಕಂಡಕ್ಟರ್ ಮುಂದೆ ನನ್ನ ಬಾಯಿಗೆ ಬಂದದ್ದು ಮಟಕಿ!

ಎರಡು ದಿನ ಕಳೆದಿರಬೇಕು, ಫೋನು ಬಂತು.

“ದುಲೇಭಾಯ್!” ಭಾವ ಎಂದು ಕರೆದದ್ದು ಚಾಂದ್‌ಪಾಶಾನ ದನಿ. ಅಳುತ್ತಿದ್ದ. ಮಟಕಿಯವರ ಉರ್ದುವಿನಲ್ಲಿ ಅರ್ಧ ಕನ್ನಡವೇ ಇರುತ್ತದೆ, ಅಳುವಾಗ ಪೂರ್ತಿ ಕನ್ನಡವಾಗುತ್ತದೆ. “ನಿಮ್ಮ ದಿಲ್ ಎಷ್ಟು ದೊಡ್ಡದೈತ್ರಿ ದುಲೇಭಾಯ್! ನನ್ನ ತಕಲೀಫ್ ನಾ ನಿಮ್ಮ ಮುಂದ ಎಂದೂ ಹೇಳಿರಲಿಲ್ಲ. ನೀವು ಹೆಂಗ ತಿಳಕೊಂಡ್ರಿ? ಬಸ್ಸಿನ ಕೈಲಿ ಹೇಳಿ ಕಳಿಸೀರಲ್ಲ, ‘ನಿಮ್ಮ ಭಾವ ಮನಿ ಖಾಲಿ ಮಾಡಸಾಕತ್ಯಾರ, ಲಗೂ ಬರ್ರಿ’ ಅಂತ. ನನ್ನ ಹೆಂಡ್ತಿ ನಿಮಗ ದುವಾ ಮಾಡಾಕತ್ಯಾಳ!”

ನಡೆದದ್ದು ಇಷ್ಟು. ಮಲ್ಲಪ್ಪನವರು ಸಂತೋಷದ ಸುದ್ದಿ ತಡವಾಗಬಾರದೆಂದು ಆಳಂದದ ಸ್ಟ್ಯಾಂಡಿನಲ್ಲಿ ಮಟಕಿ ಬಸ್ಸಿನ ಕಂಡಕ್ಟರ್ ಕಿವಿಗೆ ಹಾಕಿದ್ದರು. ಆತ ಮಟಕಿಯಲ್ಲಿ ಚಾಂದ್‌ಪಾಶಾನ ಕಿವಿಗೆ ಹಾಕಿದ್ದ. ಆ ಚಾಂದ್‌ಪಾಶಾ ಅಣ್ಣಂದಿರ ಕೂಡು ಮನೆಯಲ್ಲಿ ಜಾಗ ಸಾಲದೆ ಬೇರೆ ಮನೆಗಾಗಿ ಬಹಳ ದಿನದಿಂದ ಚಡಪಡಿಸುತ್ತಿದ್ದನಂತೆ. ಇದು ಬೇಗಂಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ, ಏಕೆಂದರೆ ಅವಳ ತವರಿನ ಮಾತು ಬಂದಾಗಲೆಲ್ಲ ನಾನು ಪೇಪರ್ ಓದುತ್ತಿದ್ದೆ.

“ಇದು ಸುಳ್ಳಪ್ಪಾ” ಎಂದು ಹೇಳಿಬಿಡೋಣ ಎಂದು ಬಾಯಿ ತೆರೆದೆ. ಎದುರಿಗೆ ಬೇಗಂ ನಿಂತಿದ್ದಳು. ತಮ್ಮನ ಅಳು ಕೇಳಿ ಅವಳ ಕಣ್ಣಲ್ಲೂ ನೀರಿತ್ತು. ಸುಳ್ಳಿನಿಂದಲೇ ಆದರೂ ತಮ್ಮನಿಗೊಂದು ಮನೆ ಸಿಕ್ಕಿತಲ್ಲ ಎಂದೋ ಏನೋ, ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳು ನನ್ನನ್ನು ಅಭಿಮಾನದಿಂದ ನೋಡಿದ್ದು ಅದೇ ಮೊದಲು. ನಾನು ಬಾಯಿ ಮುಚ್ಚಿದೆ.

ಅಂದಿನಿಂದ ಸಾಮಾನು ಬರತೊಡಗಿತು. ಬಸ್ಸಿನ ಕೈಲಿ! ದಿನಾ ಸಂಜೆ ಡ್ಯೂಟಿ ಮುಗಿಸಿ ಮಲ್ಲಪ್ಪ ಹೆಗಲ ಮೇಲೊಂದು ಹೊರೆ ಹೊತ್ತು ಹಿಂದಿನ ಬಾಗಿಲಿಗೆ ಬಂದು ನಿಲ್ಲುವರು. “ಮಾಸ್ತರ್ರ, ನಿಮ್ಮ ಸಾಮಾನು ಬಂತು ನೋಡ್ರಿ.” ಒಂದು ದಿನ ಜೋಳದ ಚೀಲ. ಒಂದು ದಿನ ಬೀಸುವ ಕಲ್ಲು. ಒಂದು ದಿನ ತೊಟ್ಟಿಲು. ತಾನು ಬಿಡಬೇಕಾದ ಮನೆಗೆ ಬರುವವರ ಸಾಮಾನನ್ನು ತಾನೇ ಹೊತ್ತು ತರುವ ಬಾಡಿಗೆದಾರನನ್ನು ಯಾರಾದರೂ ಕಂಡಿದ್ದೀರಾ? ಲಗೇಜಿನ ದುಡ್ಡು ಕೊಡಲು ಹೋದರೆ ತಗೊಳ್ಳಲಿಲ್ಲ. “ಹೊಸಾ ಮನಿ ಮಾಡೋರಿಗೆ ನನ್ನ ಕಡಿಂದ ಆಯೇರಿ ಅಂತ ತಿಳೀರಿ” ಎಂದರು.

ಒಂದು ಸಂಜೆ ಅವರ ಕಂಕುಳಲ್ಲಿ ಒಂದು ಹುಂಜವಿತ್ತು.

“ಇದಕ್ಕೂ ಟಿಕೀಟು ಹರದೇನ್ರಿ” ಎಂದರು ಮಲ್ಲಪ್ಪ. “ಕಾಯ್ದೆ ಅಂದ್ರ ಕಾಯ್ದೆ.” ಹುಂಜದ ಕಾಲಿಗೆ ದಾರದಿಂದ ಟಿಕೀಟು ಕಟ್ಟಿದ್ದರು. ಮಾಲೀಕನಿಗೆ ಲೆಕ್ಕ ಒಪ್ಪಿಸುವುದಕ್ಕೆ!

ಹುಂಜ ಕೂಗಿದ್ದೇ ತಡ, ನನಗೆ ಬುದ್ಧಿ ಬಂತು. ಬಂದದ್ದು ಬುದ್ಧಿಯಲ್ಲ, ಇನ್ನೊಂದು ಸುಳ್ಳು ಎಂದು ಆಗ ತಿಳಿಯಲಿಲ್ಲ. ಒಂದು ಸುಳ್ಳನ್ನು ಹಿಂದಕ್ಕೆ ಪಡೆಯುವುದಕ್ಕಿಂತ ಅದರ ಮೇಲೆ ಇನ್ನೊಂದನ್ನು ಕೂರಿಸುವುದು ಸುಲಭ ಎನಿಸಿತು. ಬೇಗಂ ಅಂಗಡಿಗೆ ಹೋದ ಹೊತ್ತು ನೋಡಿ ಚಾಂದ್‌ಪಾಶಾನಿಗೆ ಫೋನು ಹಚ್ಚಿದೆ.

“ಏನು ಹೇಳಲಪ್ಪಾ ಚಾಂದ್, ಆ ಕಂಡಕ್ಟರ್ ಮನೆ ಬಿಡೋದಿಲ್ಲ ಅಂತಾನೆ. ಕೋರ್ಟು ಕಚೇರಿ ಅಂತಾನೆ. ಭಾರಿ ಮೊಂಡ. ಸದ್ಯಕ್ಕೆ ನೀನು ಮಟಕಿಯಲ್ಲೇ ಇರು. ನನ್ನ ಹಣೆಬರಹ, ನಾನು ಅನುಭವಿಸುತ್ತೇನೆ.”

ಎಷ್ಟು ಚೆನ್ನಾಗಿ ಹೇಳಿದೆ! ಫೋನಿಟ್ಟು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಇನ್ನು ಚಾಂದ್‌ಪಾಶಾ ಬರುವುದಿಲ್ಲ. ಬರದಿದ್ದ ಮೇಲೆ ಮಲ್ಲಪ್ಪನವರು ಹೋಗಬೇಕಿಲ್ಲ. ಎಲ್ಲ ಇದ್ದ ಹಾಗೇ ಇರುತ್ತದೆ. ಕಂಡಕ್ಟರ್ ಮನೆ ಎಂದರೆ ಎನ್ನಲಿ ಬಿಡು ಎಂಬಷ್ಟು ಔದಾರ್ಯ ಕೂಡ ನನ್ನಲ್ಲಿ ಆ ಹೊತ್ತಿಗೆ ಹುಟ್ಟಿತ್ತು.

ಮರುದಿನ ಮುಂಜಾನೆ ಗೇಟಿನ ಮುಂದೆ ಟೆಂಪೋ ನಿಂತ ಸದ್ದಾಯಿತು. ಹೋಗಿ ನೋಡುತ್ತೇನೆ, ಚಾಂದ್‌ಪಾಶಾ ಇಳಿಯುತ್ತಿದ್ದಾನೆ. ಹಿಂದೆ ಅವನ ಇಬ್ಬರು ಅಣ್ಣಂದಿರು, ಮೂವರ ಕೈಯಲ್ಲೂ ಬಡಿಗೆ. ಅವರ ಹಿಂದೆ ಅವನ ಹೆಂಡತಿ. ಅವಳ ಹಿಂದೆ ಒಂದು ಎಮ್ಮೆ!

“ಎಲ್ಲ್ಯದಾನ ದುಲೇಭಾಯ್, ನಿಮ್ಮನ್ನ ಕಾಡೋ ಆ ಮೊಂಡ?” ಎಂದು ಚಾಂದ್‌ಪಾಶಾ ತೋಳೇರಿಸಿದ. “ಇಷ್ಟು ಒಳ್ಳೇ ಮನಷ್ಯಾಗ ಕೋರ್ಟು ಅಂತಾನ? ಇವತ್ತ ತೋರಸ್ತೇನಿ ಅವಗ ಕೋರ್ಟು!”

“ಎಮ್ಮೆ ಯಾಕಪ್ಪಾ ತಂದಿ?” ನನ್ನ ಬಾಯಿಂದ ಹೊರಟದ್ದು ಅದೊಂದೇ ಮಾತು.

“ಅವನ್ನ ಇವತ್ತ ಖಾಲಿ ಮಾಡಿಸಿದ ಮ್ಯಾಲೆ ನಾಳೆ ಮತ್ತ ಟೆಂಪೋ ಬಾಡಿಗಿ ಯಾಕಂತ ಕೂಡೇ ತಂದೆ.”

ಅಷ್ಟರಲ್ಲಿ ಮುಂಭಾಗದ ಬಾಗಿಲು ತೆರೆಯಿತು. ಮಲ್ಲಪ್ಪನವರು ಹೊರಗೆ ಬಂದರು. ಅವರ ತಲೆಯ ಮೇಲೆ ಅವರದೇ ಟ್ರಂಕು ಇತ್ತು. ಪಕ್ಕದ ಓಣಿಯಲ್ಲಿ ಮನೆ ಸಿಕ್ಕಿ, ಅಂದೇ ಸಾಮಾನು ಸಾಗಿಸುತ್ತಿದ್ದರು. ಟ್ರಂಕು ಇಳಿಸಿ ಎಲ್ಲರಿಗೂ ಕೈ ಮುಗಿದು, “ಬರ್ರಿ ಬರ್ರಿ, ಮಟಕಿಯೋರು ಬಂದ್ರ್ಯಾ? ಏ ಗುರುಬಾಯಿ, ಚಹಾ ಇಡು. ಒಲಿ ಇನ್ನಾ ಸಾಗಿಸಿಲ್ಲ, ಚೊಲೋ ಆತು” ಎಂದರು.

ಚಾಂದ್‌ಪಾಶಾ ಬಡಿಗೆಯನ್ನು ನೋಡಿದ. ಟ್ರಂಕನ್ನು ನೋಡಿದ. “ನೀ ಮನಿ ಬಿಡೂದಿಲ್ಲ ಅಂದ್ಯಂತ?” ಎಂದು ಕೇಳಿದ. ದನಿಯಲ್ಲಿ ಸಿಟ್ಟಿಗಿಂತ ಅನುಮಾನವೇ ಹೆಚ್ಚಿತ್ತು.

ಮಲ್ಲಪ್ಪ ನನ್ನ ಕಡೆ ತಿರುಗಿದರು. “ಮಾಸ್ತರ್ರ, ನಾ ಹಂಗಂದಿದ್ನೇನ್ರಿ?”

ನಾನು ಬೇವಿನ ಮರವನ್ನು ನೋಡಿದೆ. ಬೇವಿನ ಮರ ನನಗೆ ಯಾವ ಸಹಾಯವನ್ನೂ ಮಾಡಲಿಲ್ಲ. ಮಲ್ಲಪ್ಪ ಸಿಟ್ಟು ಮಾಡಿದ್ದರೆ ನನಗೆ ಆಧಾರವಾಗುತ್ತಿತ್ತು, ಮೇಲೆ ಬಿದ್ದು ಕೂಗಾಡಿ ಮುಗಿಸುತ್ತಿದ್ದೆ. ಅವರು ಸಿಟ್ಟು ಮಾಡಲಿಲ್ಲ. ಮೊಳೆ ಬಡಿಯಲು ಅಪ್ಪಣೆ ಕೇಳುವ ದನಿಯಲ್ಲೇ ಕೇಳಿದ್ದರು. ಆ ಒಂದು ಗಳಿಗೆ ನನಗೆ ಎಷ್ಟು ನಾಚಿಕೆಯಾಯಿತೆಂದರೆ, ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ.

ಬೇಗಂ ಹೊರಗೆ ಬಂದಳು. ಇಡೀ ಓಣಿಗೆ ಕೇಳುವಂತೆ, ಅಚ್ಚ ಕನ್ನಡದಲ್ಲಿ ಅಂದಳು: “ಮಲ್ಲಪ್ಪಣ್ಣ ಹಂಗ ಅಂದೇ ಇಲ್ಲ! ಬಂಗಾರದಂಥಾ ಮನಷ್ಯಾ! ಇವರ ಬಾಯಿಗಿ ಏನ್ ಬರ್ತೈತಿ ಅನ್ನೋದು ಇವರಿಗೇ ಗೊತ್ತಿಲ್ಲ!”

ಚಾಂದ್‌ಪಾಶಾ ಬಡಿಗೆ ಕೆಳಗಿಟ್ಟು, ನನ್ನನ್ನು ಕನಿಕರದಿಂದ ನೋಡಿ, ಅಣ್ಣಂದಿರ ಕಿವಿಯಲ್ಲಿ ಹೇಳಿದ: “ದುಲೇಭಾಯ್‌ಗೆ ವಯಸ್ಸಾತು. ಮರವು ಬಂದೈತಿ. ಇನ್ನ ನಾ ಇಲ್ಲೇ ಇದ್ದು ನೋಡ್ಕೋಬೇಕು.”

ಎಲ್ಲರೂ ಕೂತು ಚಹಾ ಕುಡಿದರು. ಮಲ್ಲಪ್ಪನವರ ಸಾಮಾನನ್ನು ಬಡಿಗೆ ಹಿಡಿದು ಬಂದವರೇ ಹೊಸ ಮನೆಗೆ ಹೊತ್ತುಕೊಟ್ಟರು. ಗುರುಬಾಯಿ ಹೋಗುವಾಗ ಬೇಗಂ ಅವಳನ್ನು ತಬ್ಬಿಕೊಂಡು ಅತ್ತಳು. ನನ್ನ ಕಡೆ ಯಾರೂ ನೋಡಲಿಲ್ಲ, ಎಮ್ಮೆಯೊಂದನ್ನು ಬಿಟ್ಟು.

ಆ ಎಮ್ಮೆಯನ್ನು ಮುಂದಿನ ಗೇಟಿನ ಪಕ್ಕದಲ್ಲಿ ಕಟ್ಟಿದರು. ಫಲಕದ ಕೆಳಗೇ. ಎಮ್ಮೆ ಮೈ ತುರಿಕೆ ಬಂದಾಗ ನೀಲಿ ಅಕ್ಷರಗಳ ಗೋಡೆಗೆ ಉಜ್ಜುತ್ತದೆ. ಮೊದಲ ವಾರ ‘ಮಂಜಿಲ್’ ಹೋಯಿತು. ಎರಡನೆಯ ವಾರ ‘ಗಫೂರ್’ ಹೋದ. ಎಮ್ಮೆಯ ಮೈ ಮಾತ್ರ ನೀಲಿಯಾಯಿತು. ನಮ್ಮ ಟಾಕಿಯ ನೀರಿನಲ್ಲಿ ಮೊದಲ ಪಾಲು ಎಮ್ಮೆಗೆ, ಎರಡನೆಯದು ಚಾಂದ್‌ಪಾಶಾನಿಗೆ, ಉಳಿದರೆ ಮಾಲೀಕನಿಗೆ. ಬಾಡಿಗೆಯ ಮಾತನ್ನು ನಾನು ಎತ್ತಲಿಲ್ಲ. ಹೆಂಡತಿಯ ತಮ್ಮನಲ್ಲಿ ಬಾಡಿಗೆ ಕೇಳುವ ಧೈರ್ಯ ಇದ್ದವನು ನಮ್ಮ ಇಡೀ ಜಿಲ್ಲೆಯಲ್ಲಿ ಹುಟ್ಟಿಲ್ಲ. ಬದಲಿಗೆ ಅವನು ದಿನಾ ಒಂದು ತಂಬಿಗೆ ಹಾಲು ಕಳಿಸುತ್ತಾನೆ. ಹಾಲು ದಪ್ಪಗಿರುತ್ತದೆ, ಅದನ್ನು ಒಪ್ಪಿಕೊಳ್ಳಲೇಬೇಕು.

ಒಮ್ಮೆ ಧೈರ್ಯ ಮಾಡಿ ಮುಂಭಾಗಕ್ಕೆ ಹೋದೆ. ಚಹಾ ಕುಡಿದೆ. ಮಳೆ ತೊಗರಿ ವಿಚಾರಿಸಿದೆ. ನಿಟ್ಟುಸಿರು ಬಿಟ್ಟೆ. “ನಮ್ಮ ಮಂದಿ ಇಲ್ಲಿಗೇ ಇರಾಕ ಬರ್ತೇವಂತ ಗಂಟು ಬಿದ್ದಾರಪ್ಪಾ ಚಾಂದ್...”

ಚಾಂದ್‌ಪಾಶಾ ನಕ್ಕು ನನ್ನ ಹೆಗಲ ಮೇಲೆ ಕೈ ಹಾಕಿದ. “ಮರತ್ರ್ಯಾ ದುಲೇಭಾಯ್? ನಾವು ಬಂದೇವಲ್ಲ! ನಾವ ನಿಮ್ಮ ಮಂದಿ!” ಒಳಗೆ ತಿರುಗಿ ಹೆಂಡತಿಗೆ, “ದುಲೇಭಾಯ್‌ಗೆ ಬಾದಾಮಿ ಹಾಕಿ ಹಾಲು ಕೊಡು, ಮರವು ಭಾಳ ಆಗೈತಿ” ಎಂದ.

ಈ ನಡುವೆ ಯಡ್ರಾಮಿಯಲ್ಲಿ ಚಿಕ್ಕಪ್ಪನ ಮಗನ ಮನೆಯಲ್ಲಿ ಒಂದು ಮದುವೆ ಬಂತು. ಮುಗಿಸಿಕೊಂಡು ಅಫಜಲಪುರದ ಸ್ಟ್ಯಾಂಡಿನಲ್ಲಿ ಇಳಿದಾಗ ಮತ್ತೆ ಮಟಮಟ ಮಧ್ಯಾಹ್ನ, ಮತ್ತೆ ಮೊಳಕಾಲು. ಸಿಕ್ಕಿದ್ದೂ ಅದೇ ಆಟೋದವನು. ಈ ಸಲ ನಾನು ಸಮಯ ಹಾಳು ಮಾಡಲಿಲ್ಲ. ಮಾನ ಮರ್ಯಾದೆ ಎಲ್ಲವನ್ನೂ ಮೊದಲೇ ಕೈಬಿಟ್ಟು, ಹತ್ತಿದ ಕೂಡಲೇ “ಕಂಡಕ್ಟರ್ ಮನಿ” ಎಂದೆ.

ಆಟೋ ಸರ್ರನೆ ಹೋಗಿ ನಿಂತಿತು. ಇಳಿದು ನೋಡಿದರೆ ಅದು ನನ್ನ ಮನೆಯಲ್ಲ! ಪಕ್ಕದ ಓಣಿಯ ಮನೆ. ಕಟ್ಟೆಯ ಮೇಲೆ ಗಂಟು, ಡಬ್ಬಿ, ಚೀಲ. ಆ ಮನೆಯ ಮಾಲೀಕರೂ ಗೋಡೆಗೆ ದೊಡ್ಡದಾಗಿ ತಮ್ಮ ಹೆಸರು ಬರೆಸಿದ್ದರು. ಅದರ ಮೇಲೆ ಬುತ್ತಿ ಚೀಲ ತೂಗುತ್ತಿತ್ತು. ಅದನ್ನು ಕಂಡು ನನಗಾದ ಸಮಾಧಾನವನ್ನು ಇಲ್ಲಿ ಬರೆಯುವುದು ಸಭ್ಯತೆಯಲ್ಲ.

ಮಲ್ಲಪ್ಪ ಅಂದು ರಜೆಯಲ್ಲಿದ್ದರು. “ಮಾಸ್ತರ್ರ! ಬರ್ರಿ ಬರ್ರಿ!” ಎಂದು ಕೈ ಹಿಡಿದು ಕರೆದುಕೊಂಡು ಹೋದರು. ಗುರುಬಾಯಿ ಸುಸಲಾ ಕೊಟ್ಟಳು. ಚಹಾ ಕೊಟ್ಟಳು. ಆ ಸುಸಲಾದ ರುಚಿ ನಾಲಿಗೆಗೆ ತಾಗಿದ್ದೇ ನನ್ನ ಮನಸ್ಸು ತಡೆಯಲಿಲ್ಲ.

“ಮಲ್ಲಪ್ಪ, ನಾನು ಅಂದು ಹೇಳಿದ್ದು ಸುಳ್ಳು” ಎಂದೆ. “ಚಾಂದ್‌ಪಾಶಾ ಬರುವವನಿರಲಿಲ್ಲ.”

“ನನಗ ಗೊತ್ತಿತ್ತಲ್ರಿ” ಎಂದರು ಮಲ್ಲಪ್ಪ, ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತ. “ಹಂಗ ಹೇಳೂದ ರಿವಾಜಲ್ರಿ.”

“ಗೊತ್ತಿದ್ದೂ ಮಟಕಿಗೆ ಯಾಕೆ ಹೇಳಿ ಕಳಿಸಿದಿರಿ?”

“ನಾಳೆ ಯಾರೂ ಬರಲಿಲ್ಲಂದ್ರ ಊರ ಮಂದಿ ಏನಂತಿದ್ರು? ಮಾಸ್ತರ್ ಸುಳ್ಳ ಹೇಳ್ಯಾರ ಅಂತಿದ್ರು. ಇಷ್ಟು ಹುಡುಗರಿಗಿ ಖರೇ ಹೇಳಾಕ ಕಲಿಸಿದವರು ನೀವು. ನಿಮ್ಮ ಹೆಸರು ಕೆಡಬಾರದಂತ ಖರೇ ಮಾಡೇನ್ರಿ.”

ಅವರ ಮುಖದಲ್ಲಿ ನಗು ಇತ್ತೋ ಇಲ್ಲವೋ ತಿಳಿಯಲಿಲ್ಲ. ಬಸಿ ಅಡ್ಡ ಬಂದಿತ್ತು. ಇನ್ನೊಂದು ಸಲ ಸುಸಲಾ ಹಾಕಿಸಿಕೊಂಡೆ.

ಹೊರಡುವಾಗ ಮಲ್ಲಪ್ಪನವರೇ ಹೊರಗೆ ಬಂದು, ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕಾದಿದ್ದ ಆಟೋದವನಿಗೆ ಹೇಳಿದರು: “ಮಾಸ್ತರ್‌ಗೆ ಮೊಳಕಾಲ ನೋವೈತಿ, ಹಗೂರಕ ಬಿಟ್ಟು ಬಾ. ಎಮ್ಮಿ ಮನಿಗಿ.”

“ಎಮ್ಮಿ ಮನಿಯವರೇನ್ರಿ ನೀವು?” ಆಟೋದವನು ಹಣೆ ಬಡಿದುಕೊಂಡ. “ಮೊದಲ ಹೇಳಬಾರದೇನ್ರಿ ಅಜ್ಜಾರ! ನೀಲಿ ಎಮ್ಮಿ ಮನಿ ಯಾರಿಗಿ ಗೊತ್ತಿಲ್ರಿ?”

ಗೇಟಿನ ಮುಂದೆ ಇಳಿದೆ. ಎಮ್ಮೆ ಗೇಟಿಗೆ ಅಡ್ಡವಾಗಿ ಮಲಗಿ ಮೆಲುಕು ಹಾಕುತ್ತಿತ್ತು. ಅದರ ಪಕ್ಕೆಯ ಮೇಲೆ ನನ್ನ ಹೆಸರಿನ ನೀಲಿ ಇನ್ನೂ ಅಲ್ಲಲ್ಲಿ ಉಳಿದಿತ್ತು. ನಾನು ಚೀಲ ಹಿಡಿದು ಬಿಸಿಲಿನಲ್ಲಿ ನಿಂತು, “ಒಂಚೂರು ಸರಿತೀ ಏನವ್ವಾ?” ಎಂದು ಅಪ್ಪಣೆ ಕೇಳಿದೆ.

ಅದು ಸರಿಯಲಿಲ್ಲ. ನಾನು ಸುತ್ತಿಕೊಂಡು ಹಿಂದಿನ ಬಾಗಿಲಿನಿಂದ ಒಳಗೆ ಹೋದೆ.